ಕೊಡಗಿನ ತೋಟಗಳಲ್ಲಿ ಹಕ್ಕಿ ಎಣಿಕೆ

ಫೆಬ್ರವರಿಯ ನಡುವಿನ ಒಂದು ಶುಕ್ರವಾರದಿಂದ ಸೋಮವಾರದವರೆಗೆ ಜಗತ್ತಿನಾದ್ಯಂತ ಜನ ಹಕ್ಕಿ ಎಣಿಸುತ್ತಾರೆ. ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂದು ಅದರ ಹೆಸರು. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಎಣಿಕೆಗೆ ನಮ್ಮ ದೇಶದವರು ಸೇರಿಕೊಂಡಿದ್ದು 2013ರಲ್ಲಿ. ಮಾಡಬೇಕಾದದ್ದು ಇಷ್ಟೇ: ಒಂದು ಜಾಗದಲ್ಲಿ ಕಡಿಮೆಯೆಂದರೂ ಹದಿನೈದು ನಿಮಿಷ ಇದ್ದು, ಕಂಡ ಮತ್ತು ಕೂಗಿದ ಹಕ್ಕಿಗಳನ್ನೆಲ್ಲ ಎಣಿಸಿ, ಇ-ಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಮಾಡಿ ಕಳಿಸುವುದು. ಯಾರು ಬೇಕಾದರೂ ಮಾಡಬಹುದು, ಎಲ್ಲಿ ಬೇಕಾದರೂ ಮಾಡಬಹುದು.

ಈ ಸಲ ನಾವು ಕೊಡಗಿಗೆ ಹೊರಟೆವು. ಕಾಡುಹಕ್ಕಿಗಳ ಮೇಲೆ ಕೆಲಸ ಮಾಡುವ ಒಬ್ಬ ಸಂಶೋಧಕಿ, ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದುತ್ತಿರುವ ಒಬ್ಬ ಹುಡುಗ, ಒಬ್ಬಳು ಹುಡುಗಿ, ಮೈಸೂರಿನಿಂದ ನಾನು. ನಾಗರಹೊಳೆಗೋ ಪುಷ್ಪಗಿರಿಗೋ ಹೋಗೋಣ ಎಂದು ನನ್ನ ಮನಸ್ಸಿನಲ್ಲಿತ್ತು. ಸಂಶೋಧಕಿ ಒಪ್ಪಲಿಲ್ಲ. "ಅಕ್ಕ, ಕಾಡಿಗೆ ಇಲಾಖೆ ಇದೆ, ಕ್ಯಾಮೆರಾ ಇದೆ, ಹೋಗಿಬರುವ ವಿಜ್ಞಾನಿಗಳಿದ್ದಾರೆ. ತೋಟಗಳಿಗೆ ಯಾರೂ ಇಲ್ಲ. ನಾವು ಅಲ್ಲಿಗೆ ಹೋಗೋಣ" ಎಂದಳು. ಅವಳ ಮಾತು ಸರಿ. ಕೊಡಗಿನ ನೆಲದಲ್ಲಿ ದೊಡ್ಡ ಪಾಲು ಕಾಫಿ ತೋಟ. ಅದೆಲ್ಲ ಖಾಸಗಿ ಜಾಗ. ತೋಟದವರ ಒಪ್ಪಿಗೆ ಪಡೆದು, ಬೆಳಗಿನ ಜಾವ ಎದ್ದು, ಪುಕ್ಕಟೆಯಾಗಿ ಎಣಿಸುವ ಜನ ಇಲ್ಲದಿದ್ದರೆ ಅಲ್ಲಿ ಏನಾಗುತ್ತಿದೆ ಎಂದು ಯಾವ ಸಂಸ್ಥೆಗೂ ತಿಳಿಯುವುದಿಲ್ಲ.

ಶುಕ್ರವಾರ

ಹುಣಸೂರು ದಾಟಿದ ಮೇಲೆ ಬೆಳಕು ಹರಿಯಿತು. ರಸ್ತೆ ಬದಿಯ ವಿದ್ಯುತ್ ತಂತಿಯ ಮೇಲೆ ಒಂದು ನೀಲಕಂಠ ಕೂತಿತ್ತು. ಕಾರು ನಿಲ್ಲಿಸಿ ನೋಡಿದೆವು. ನಮ್ಮ ರಾಜ್ಯದ ಹಕ್ಕಿ ಅದು, ಕರ್ನಾಟಕದ ಬಯಲಿನ ಮಕ್ಕಳೆಲ್ಲ ನೋಡಿ ಬೆಳೆದ ಹಕ್ಕಿ. 2023ರಲ್ಲಿ ಹೊರಬಂದ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ ಇದರ ಸಂಖ್ಯೆ ಇಳಿಯುತ್ತಿದೆ, ಅಳಿವಿನ ಅಪಾಯದ ಪಟ್ಟಿಯಲ್ಲಿ ಇದರ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕು ಎಂದಿದೆ. ಆ ವರದಿಗೆ ಆಧಾರ ಸುಮಾರು 30,000 ಹಕ್ಕಿವೀಕ್ಷಕರು ಕಳಿಸಿದ 3 ಕೋಟಿ ದಾಖಲೆಗಳು. ದೀರ್ಘಕಾಲದ ಏರಿಳಿತ ಲೆಕ್ಕ ಹಾಕಲು ಸಾಧ್ಯವಾದ 338 ಜಾತಿಗಳಲ್ಲಿ ನೂರಕ್ಕೆ 60 ಇಳಿಮುಖ. ಇಷ್ಟು ದೊಡ್ಡ ದೇಶದಲ್ಲಿ ಇಷ್ಟು ಹಕ್ಕಿಗಳ ಲೆಕ್ಕ ಇಡುವಷ್ಟು ವಿಜ್ಞಾನಿಗಳು ನಮ್ಮಲ್ಲಿಲ್ಲ. ರಜೆ ಹಾಕಿ ಹೋಗುವ ಗುಮಾಸ್ತರು, ಮೇಷ್ಟ್ರುಗಳು, ಕಾಲೇಜು ಮಕ್ಕಳು, ನಿವೃತ್ತರು ಕೊಟ್ಟ ಪಟ್ಟಿಗಳಿಂದಲೇ ಈ ಮಾತು ಹೇಳಲು ಸಾಧ್ಯವಾಗಿದ್ದು.

ಆನೆಚೌಕೂರು, ತಿತಿಮತಿ ಹಾದು ಗೋಣಿಕೊಪ್ಪಲಿನಲ್ಲಿ ತಿಂಡಿ ಮುಗಿಸಿ, ಪೊನ್ನಂಪೇಟೆ ಕಡೆಯ ಒಂದು ತೋಟಕ್ಕೆ ಬಂದೆವು. ರೊಬಸ್ಟಾ ಕಾಫಿಯ ಕುಯ್ಲಿನ ಕಾಲ. ಕಣದ ತುಂಬ ಚೆರ್ರಿ, ಅಂದರೆ ಕಾಫಿ ಹಣ್ಣು, ಹರವಿದ್ದರು, ಅದರ ಹುಳಿಹುಳಿ ಗಾಳಿ ಗೇಟಿನ ತನಕ ಬರುತ್ತಿತ್ತು. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ನಮಗಾಗಿ ಕಾದಿದ್ದರು. "ರಾತ್ರಿ ಕೆಳಗಿನ ಬ್ಲಾಕಿಗೆ ಆನೆ ಬಂದಿತ್ತು ಮೇಡಂ. ಈಗ ಹೊಳೆ ಆಚೆ ಹೋಗಿದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದಾರೆ. ಆದರೂ ನಾನು ಜೊತೆಗೆ ಬರ್ತೇನೆ, ನೀವೇ ಒಳಗೆ ಹೋಗುವುದು ಬೇಡ" ಎಂದರು. ಕೊಡಗಿನ ತೋಟಗಳಲ್ಲಿ ಬೆಳಗಿನ ಕೆಲಸವೆಂದರೆ ಮೊದಲು ಆನೆಯ ಸುದ್ದಿ ತಿಳಿದುಕೊಳ್ಳುವುದು, ಮಿಕ್ಕಿದ್ದೆಲ್ಲ ಆಮೇಲೆ.

ಮೊದಲ ಹದಿನೈದು ನಿಮಿಷ ಒಂದು ಹಾಲುವಾಣದ ಕೆಳಗೆ. ಎಲೆಯೆಲ್ಲ ಉದುರಿ ಮರ ಕೆಂಪು ಹೂವಿನಿಂದ ತುಂಬಿತ್ತು. ಎಲೆಹಕ್ಕಿ, ಸೂರಕ್ಕಿ, ಕಾಜಾಣ, ಭೀಮರಾಜ, ಕಬ್ಬಕ್ಕಿಯ ಒಂದು ಹಿಂಡು, ಮೇಲಿನ ಕೊಂಬೆಯಲ್ಲಿ ಒಂದು ಜೊತೆ ಕಾಮಳ್ಳಿ. ಒಂದು ಮರದಲ್ಲೇ ಇಷ್ಟು. ಸುತ್ತ ನಾಲ್ಕು ದಿಕ್ಕಿನಿಂದ ಕುಟ್ರು ಹಕ್ಕಿಗಳ ಕೂಗು. ಹುಡುಗಿ ಬರೆದುಕೊಳ್ಳುತ್ತಿದ್ದಳು, ಹುಡುಗ ಎಣಿಸುತ್ತಿದ್ದ. ಹಿಂಡು ಹಾರಿ ಹೋಗಿ ಮತ್ತೆ ಬಂದರೆ ಎರಡು ಸಲ ಎಣಿಸಬಾರದು, ಒಮ್ಮೆಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನೇ ಬರೆಯಬೇಕು. ಕೂಗು ಮಾತ್ರ ಕೇಳಿದರೆ, ಎಷ್ಟು ದಿಕ್ಕಿನಿಂದ ಬೇರೆ ಬೇರೆಯಾಗಿ ಕೇಳಿತೋ ಅಷ್ಟು. ಫೋನಿನಲ್ಲಿ ಹಕ್ಕಿಯ ಕೂಗು ನುಡಿಸಿ ಕರೆಯುವುದಂತೂ ಕೂಡದು.

ಅಲ್ಲಿಂದ ಸ್ವಲ್ಪ ದೂರದ ಇನ್ನೊಂದು ಬ್ಲಾಕಿಗೆ ನಡೆದೆವು. ಅದೇ ತೋಟ, ಅದೇ ರೊಬಸ್ಟಾ. ಆದರೆ ಮೇಲೆ ಬರೀ ಸಿಲ್ವರ್ ಓಕ್. ನೇರ ಕಾಂಡಗಳ ಸಾಲು, ಪ್ರತಿ ಕಾಂಡಕ್ಕೂ ಮೆಣಸಿನ ಬಳ್ಳಿ. ಹದಿನೈದು ನಿಮಿಷ ನಿಂತೆವು. ಒಂದು ಮಡಿವಾಳ, ಎರಡು ಕೆಮ್ಮೀಸೆ ಪಿಕಳಾರ, ಎಲ್ಲೋ ದೂರದಲ್ಲಿ ಒಂದು ಕುಟ್ರು, ಎಲೆಗಳ ನಡುವೆ ಒಂದು ಹಸಿರು ಉಲಿಯಕ್ಕಿ. ಅಷ್ಟೇ.

ಹುಡುಗ ಹೊರಡಲು ಸಿದ್ಧನಾದ. ಸಂಶೋಧಕಿ ತಡೆದಳು. "ಸಮಯ ಮುಗಿಯಲಿ. ಇಲ್ಲ ಅನ್ನುವುದನ್ನೂ ನಾವು ಅಷ್ಟೇ ಹೊತ್ತು ನಿಂತು ನೋಡಿರಬೇಕು."

ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ಪಟ್ಟಿ ಕಳಿಸುವಾಗ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಎಂದರೆ ಆ ಪಟ್ಟಿ ಪೂರ್ಣ ಪಟ್ಟಿ. ಆಗ ಅದರಲ್ಲಿ ಇಲ್ಲದ ಹಕ್ಕಿಯೂ ಮಾಹಿತಿಯಾಗುತ್ತದೆ. ಇಂಥ ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಇದೆ, ಹತ್ತು ವರ್ಷದ ಹಿಂದೆ ಎಷ್ಟರಲ್ಲಿತ್ತು ಎಂದು ಹೋಲಿಸಿಯೇ ವಿಜ್ಞಾನಿಗಳು ಇಳಿಕೆ ಏರಿಕೆ ಹೇಳುವುದು. ಅಪರೂಪದ ಹಕ್ಕಿ ಕಂಡ ದಿನ ಮಾತ್ರ ಪಟ್ಟಿ ಹಾಕಿ, ಕಾಗೆ ಮೈನಾಗಳನ್ನು ಬಿಟ್ಟುಬಿಟ್ಟರೆ ಆ ಲೆಕ್ಕಕ್ಕೆ ಏನೂ ಸಿಗುವುದಿಲ್ಲ. ಚಂದದ ಫೋಟೋ ಹಿಡಿಯಲು ಬರುವವರು ಇದನ್ನೊಂದು ತಿಳಿದುಕೊಂಡರೆ ಎಷ್ಟು ಉಪಕಾರವಾದೀತು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಸಿಲ್ವರ್ ಓಕ್ ಬಗ್ಗೆ ರೈಟರ್ ಅವರನ್ನೇ ಕೇಳಿದೆವು. ಅವರು ತಮ್ಮ ಯಜಮಾನರನ್ನು ದೂರಲೂ ಇಲ್ಲ, ನಮ್ಮನ್ನು ಮೆಚ್ಚಿಸಲೂ ಹೋಗಲಿಲ್ಲ. "ಕಾಡುಮರ ನೆಟ್ಟರೆ ಬೆಳೆಯಲು ಎಷ್ಟು ವರ್ಷ ಬೇಕು? ಬೆಳೆದ ಮೇಲೆ ಕಡಿಯಲು ಪರ್ಮಿಷನ್‌ಗೆ ಓಡಾಡಬೇಕು. ಬಾಣೆ ಜಾಗ, ಅಂದರೆ ಗದ್ದೆಯ ಜೊತೆಗೆ ಬಂದ ಗುಡ್ಡದ ಜಾಗ, ಆದರೆ ಮರದ ಹಕ್ಕೇ ಒಂದು ತಕರಾರು. ಸಿಲ್ವರ್ ಓಕಿಗೆ ಅದೆಲ್ಲ ಇಲ್ಲ. ಬೇಗ ಬರುತ್ತದೆ, ಮೆಣಸು ಚೆನ್ನಾಗಿ ಹತ್ತುತ್ತದೆ, ಮಗಳ ಮದುವೆಗೆ ದುಡ್ಡು ಬೇಕಾದರೆ ನಾಳೆಯೇ ಕಡಿದು ಮಾರಬಹುದು." ಆಸ್ಟ್ರೇಲಿಯಾದಿಂದ ಬಂದ ಆ ಮರಕ್ಕೆ ನಮ್ಮ ಕಾನೂನು ಕೊಟ್ಟ ಸಲೀಸು ನಮ್ಮ ಹಲಸು, ನೇರಳೆ, ಬೀಟೆಗಳಿಗೆ ಇಲ್ಲ. ಕಾಡುಮರ ಉಳಿಯಲೆಂದು ಮಾಡಿದ ಕಟ್ಟುಪಾಡೇ ಕಾಡುಮರವನ್ನು ಯಾರೂ ನೆಡದಂತೆ ಮಾಡಿದೆ. ಹಕ್ಕಿಯ ಮಾತು ಆಡುವವರು ಬೆಳೆಗಾರರನ್ನು ಬೈಯುವ ಮೊದಲು ಇದನ್ನು ಸರಿಪಡಿಸಲು ಕೇಳಬೇಕು.

ಸಂಜೆ ಇನ್ನೆರಡು ಕಡೆ ಎಣಿಸಿದೆವು. ಮರಗಳ ನೆರಳಿನ ಕಾಲುದಾರಿಯಲ್ಲಿ ಒಂದು ಕಾಡುಸಿಪಿಲೆ ಬಾಲವನ್ನು ಅತ್ತಿತ್ತ ಆಡಿಸುತ್ತ ನಡೆದು ಹೋಯಿತು. ಪೂರ್ವ ಏಷ್ಯಾದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಾಫಿ ತೋಟಗಳಿಗೆ ಬರುವ ಹಕ್ಕಿ. ಅಷ್ಟು ದೂರದಿಂದ ಅದು ಹುಡುಕಿಕೊಂಡು ಬರುವುದು ಈ ನೆರಳನ್ನು.

ಶನಿವಾರ

ಕಕ್ಕಬ್ಬೆಯಲ್ಲಿ ರಾತ್ರಿ ಉಳಿದಿದ್ದು ತಡಿಯಂಡಮೋಳ್ ತಪ್ಪಲಿನ ಒಂದು ಹಳೆಯ ಮನೆಯಲ್ಲಿ. ಯಜಮಾನರಿಗೆ ಎಂಬತ್ತರ ಹತ್ತಿರ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಬೆಳಗಿನ ಐದೂವರೆಗೆ ಅವರ ಮನೆಯವರು ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟರು, ಬಂದ ಮೇಲೆ ಅಕ್ಕಿ ಒಟ್ಟಿ ಇದೆ ಎಂದರು. ಅಂಕಲ್ ಟೋಪಿ ಹಾಕಿಕೊಂಡು ಕೋಲು ಹಿಡಿದು ನಮಗಿಂತ ಮೊದಲೇ ಅಂಗಳಕ್ಕೆ ಇಳಿದಿದ್ದರು.

ಅವರ ತೋಟಕ್ಕೆ ತಾಗಿ ಒಂದು ದೇವರಕಾಡು. ಕೊಡಗಿನಲ್ಲಿ ಇಂಥವು 1,200ಕ್ಕೂ ಹೆಚ್ಚು ಇವೆ. ಊರ ದೇವರಿಗೆ ಬಿಟ್ಟ ಕಾಡು, ಕೊಡಲಿ ಹಾಕುವಂತಿಲ್ಲ. ಹಾಗೆಂದು ಎಲ್ಲವೂ ಉಳಿದಿಲ್ಲ. 1905ರಲ್ಲಿ ಸುಮಾರು 15,500 ಎಕರೆ ಇದ್ದ ದೇವರಕಾಡು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಅಂಕಲ್ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈ ಮುಗಿದರು. ನಾವು ಅಂಚಿನಲ್ಲೇ ನಿಂತು ಎಣಿಸಿದೆವು.

ಆ ಬೆಳಗನ್ನು ಬರೆಯಲು ನನಗೆ ತುಂಬ ಆಸೆ. ಮೊದಲು ಕತ್ತಲಲ್ಲಿ ಹಳ್ಳದ ಕಡೆಯಿಂದ ಸಿಳ್ಳಾರದ ಸಿಳ್ಳೆ. ಮನುಷ್ಯರೇ ಯಾರೋ ಏನೋ ಯೋಚಿಸುತ್ತ ಸಿಳ್ಳೆ ಹಾಕಿಕೊಂಡು ಹೋಗುವ ಹಾಗೆ ಅದರ ಹಾಡು. ಆಮೇಲೆ ಕಾಡುಕೋಳಿ. ಬೆಳಕು ಬಂದಂತೆ ಒಂದರ ಮೇಲೊಂದು ಕೂಗು ಸೇರಿ, ಬರೆಯುವವಳ ಕೈ ಓಡದಷ್ಟಾಯಿತು. ಹುಡುಗಿ ಕಣ್ಣು ಮುಚ್ಚಿ ಕಿವಿಯಿಂದಲೇ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಕಾಕರಣೆ ಒಂದು, ಎಡಗಡೆ. ಬಿಳಿಹೊಟ್ಟೆಯ ಮಟಪಕ್ಷಿ ಎರಡು. ನೀಲಿರೆಕ್ಕೆ ಗಿಳಿ ಮೇಲೆ ಹಾರಿದ್ದು ಏಳು. ಹಿಂದಿನ ವರ್ಷ ಅವಳಿಗೆ ಪಿಕಳಾರಕ್ಕೂ ಉಲಿಯಕ್ಕಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲವಂತೆ. ಈ ವರ್ಷ ಸಂಶೋಧಕಿಯೇ ಎರಡು ಸಲ ಅವಳ ಕಡೆ ತಿರುಗಿ "ಅದು ಯಾವುದು?" ಎಂದು ಕೇಳಿದಳು.

ಏಳು ಗಂಟೆಯ ಸುಮಾರಿಗೆ ಮಂಗಟ್ಟೆ ಬಂತು. ಮಲೆನಾಡಿನ ಬೂದು ಮಂಗಟ್ಟೆ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಗಟ್ಟಿಯಾಗಿ ನಕ್ಕಂಥ ಅದರ ಕೂಗು ಕೇಳಿದವರು ಮರೆಯುವುದಿಲ್ಲ. 2020ರಲ್ಲಿ ಅದನ್ನು ಅಪಾಯದಲ್ಲಿರುವ ಜಾತಿಗಳ ಸಾಲಿಗೆ ಸೇರಿಸಿದರು. ಒಂದು ದೊಡ್ಡ ಮರದ ಪೊಟರೆಯ ಬಾಯಿಗೆ ಗಂಡು ಬಂದು ಕೂತಿತು. ಕೊಕ್ಕಿನಲ್ಲಿ ಹಣ್ಣು. ಹೆಣ್ಣು ಒಳಗೆ ಸೇರಿಕೊಂಡು ಪೊಟರೆಯ ಬಾಯನ್ನು ಮೆತ್ತಿ, ಒಂದು ಸೀಳು ಮಾತ್ರ ಬಿಟ್ಟುಕೊಂಡಿದೆ. ಮರಿ ದೊಡ್ಡದಾಗುವ ತನಕ ಗಂಡು ತಂದದ್ದೇ ಊಟ. ಗಂಡು ಒಂದೊಂದೇ ಹಣ್ಣನ್ನು ಆ ಸೀಳಿನಿಂದ ಒಳಗೆ ಕೊಟ್ಟಿತು. ಅತ್ತಿ, ಗೋಳಿ, ಬಸರಿಯ ಹಣ್ಣು ಹತ್ತಿರದಲ್ಲಿ ಸಿಗದಿದ್ದರೆ, ಪೊಟರೆ ಬೀಳುವಷ್ಟು ಹಳೆಯ ಮರ ಇರದಿದ್ದರೆ, ಈ ಹಕ್ಕಿಯ ಸಂಸಾರ ನಡೆಯುವುದಿಲ್ಲ. ಸಿಲ್ವರ್ ಓಕಿನಲ್ಲಿ ಎರಡೂ ಇಲ್ಲ.

ಯಾರೂ ಹತ್ತಿರ ಹೋಗಲಿಲ್ಲ, ಹುಡುಗ ಕ್ಯಾಮೆರಾ ಎತ್ತಲೂ ಇಲ್ಲ. ಜನ ಕಂಡು ಗಂಡು ಹೆದರಿ ತಡ ಮಾಡಿದರೆ ಒಳಗಿರುವವರಿಗೆ ಹಸಿವು. ಪಟ್ಟಿಯಲ್ಲಿ ಸಂಖ್ಯೆ ಬರೆದೆವು, ಗೂಡಿನ ಜಾಗ ಬರೆಯಲಿಲ್ಲ. ಅದನ್ನು ಇಲ್ಲಿಯೂ ಹೇಳುವುದಿಲ್ಲ.

ಅಕ್ಕಿ ಒಟ್ಟಿ ತಿನ್ನುವಾಗ ಅಂಕಲ್ ತಮ್ಮ ಬಾಲ್ಯದ ಮಾತು ತೆಗೆದರು. ಗೋಳಿ ಹಣ್ಣಾದಾಗ ಮರ ಕಾಣದಷ್ಟು ಹಕ್ಕಿ ಕೂರುತ್ತಿದ್ದವು, ದೊಡ್ಡ ದಾಸಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದಿಗೆ ದನ ತಲೆ ಎತ್ತುತ್ತಿದ್ದವು ಎಂದರು. "ಎಷ್ಟು ಇದ್ದಿರಬಹುದು ಅಂಕಲ್?" ಎಂದು ಹುಡುಗ ಕೇಳಿದ. ಅವರು ಬಹಳ ಹೊತ್ತು ಯೋಚಿಸಿ, "ಬೇಕಾದಷ್ಟು. ಎಣಿಸಬೇಕು ಅಂತ ಯಾರಿಗೆ ಗೊತ್ತಿತ್ತು ಮಗ?" ಎಂದರು.

ಅವರೊಬ್ಬರೇ ಅಲ್ಲ. ಕೊಡಗಿನ ಹಕ್ಕಿಗಳ ಬಗ್ಗೆ ಬರೆದವರಲ್ಲಿ ಇಲ್ಲಿ ತೋಟ ಮಾಡಿಕೊಂಡಿದ್ದ ಎಫ್.ಎನ್. ಬೆಟ್ಸ್ ಪ್ರಮುಖರು. ಅವರ ದೀರ್ಘ ಲೇಖನ 1951ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಆ ಕಾಲದ ಬರಹಗಳಿಂದ ಯಾವ ಹಕ್ಕಿ ಇತ್ತು, ಯಾವುದು ಸಾಮಾನ್ಯ, ಯಾವುದು ವಿರಳ ಎಂದು ತಿಳಿಯುತ್ತದೆ. ಇಷ್ಟು ನಿಮಿಷ ನಿಂತಾಗ ಇಷ್ಟು ಎಂಬ ಲೆಕ್ಕ ಇಡುವ ರೂಢಿ ಆಗ ಇರಲಿಲ್ಲ. ಹಾಗಾಗಿ ಅಂದಿನದನ್ನು ಇಂದಿನದರ ಪಕ್ಕ ಇಟ್ಟು ಅಳೆಯಲು ಆಗುವುದಿಲ್ಲ. ರಣಹದ್ದುಗಳ ವಿಷಯದಲ್ಲಿ ಈ ದೇಶ ಇದಕ್ಕೆ ದೊಡ್ಡ ಬೆಲೆ ತೆತ್ತಿತು. ಎಲ್ಲೆಲ್ಲೂ ಇದ್ದ ಹಕ್ಕಿಯಾದ್ದರಿಂದ ಅದರ ಲೆಕ್ಕ ಇಟ್ಟವರೇ ಕಡಿಮೆ. ಭರತಪುರದಂಥ ಕೆಲವು ಕಡೆ ಲೆಕ್ಕ ಇಟ್ಟಿದ್ದರಿಂದಲೇ ಕುಸಿತ ಗೊತ್ತಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕಾರಣ ಎಂದು ತಿಳಿದು 2006ರಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ಬಹುಪಾಲು ಹದ್ದುಗಳು ಸತ್ತು ಹೋಗಿದ್ದವು.

ಮಧ್ಯಾಹ್ನ ಸಂಶೋಧಕಿ ನಕ್ಷೆ ತೆರೆದು ತೋರಿಸಿದಳು. ಕೊಡಗಿನಿಂದ ಬರುವ ಪಟ್ಟಿಗಳು ಪ್ರವಾಸಿಗರು ಹೋಗುವ ಜಾಗಗಳಲ್ಲಿ, ರೆಸಾರ್ಟುಗಳ ಸುತ್ತ ಗುಂಪಾಗಿವೆ. ನಡುವೆ ದೊಡ್ಡ ದೊಡ್ಡ ಖಾಲಿ ಜಾಗ. ನಾವು ಉಳಿದ ಹೊತ್ತನ್ನು ಆ ಖಾಲಿ ಜಾಗಗಳಲ್ಲೇ ಕಳೆದೆವು: ಕೂಲಿಯವರ ಲೈನ್ ಮನೆಗಳ ಹಿಂದೆ, ಹೊಸದಾಗಿ ಮರಗಸಿ ಮಾಡಿದ (ನೆರಳಿನ ಮರಗಳ ಕೊಂಬೆ ಕಡಿದ) ತೋಟದಲ್ಲಿ, ಒಂದು ಶಾಲೆಯ ಮೈದಾನದಲ್ಲಿ. ಹೇಳಿಕೊಳ್ಳುವಂಥ ಹಕ್ಕಿ ಯಾವುದೂ ಸಿಗಲಿಲ್ಲ. ಆದರೆ ಬಹಳ ಬೇಕಾಗಿದ್ದ ಪಟ್ಟಿಗಳು ಅವೇ.

ಭಾನುವಾರ

ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ ರಸ್ತೆಯಲ್ಲಿ ಎಣಿಸಿದೆವು. ಜನ ಬರುವ ಮೊದಲು ಮುಗಿಸಬೇಕಿತ್ತು, ಮುಗಿಯಿತು. 2020ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಅರ್ಚಕರ ಮನೆಯನ್ನೇ ಕೊಂಡುಹೋದ ಜಾಗ ನೋಡಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗಾಳಿ ಜೋರಾಗಿದ್ದುದರಿಂದ ಹುಲ್ಲುಗಾವಲಿನಲ್ಲಿ ಕಿವಿ ಕೆಲಸ ಮಾಡಲಿಲ್ಲ, ಕಣ್ಣಿಗೆ ಕಂಡದ್ದೇ ಲೆಕ್ಕ. ಬೆಟ್ಟದ ಕಣಿವೆಯ ಶೋಲೆ ಕಾಡಿನ ಅಂಚಿನಲ್ಲಿ ಹಿಮಾಲಯದಿಂದ ಬಂದ ನೀಲಿತಲೆಯ ಒಂದು ಬಂಡೆ ಸಿಳ್ಳಾರ, ಆಕಾಶದಲ್ಲಿ ಬಾನಾಡಿಗಳು (ಸ್ವಿಫ್ಟ್). ಗಾಳಿ ಇದ್ದ ಸಂಗತಿಯನ್ನು ಟಿಪ್ಪಣಿಯಲ್ಲಿ ಬರೆದೆವು. ಹತ್ತು ಗಂಟೆಗೆ ಕಾರುಗಳ ಸಾಲು ಶುರುವಾದಾಗ ಕೆಳಗಿಳಿದೆವು.

ಸೋಮವಾರ

ಕೊನೆಯ ದಿನ ನಾಪೋಕ್ಲು ಸುತ್ತಿನ ಗದ್ದೆಗಳಿಗೆ. ತೋಟದ ಹಕ್ಕಿಗಳಿಗೆ ಸಿಗುವ ಗಮನ ಗದ್ದೆಯ ಹಕ್ಕಿಗಳಿಗೆ ಸಿಗುವುದಿಲ್ಲ, ನನಗೆ ಇದು ನೋವಿನ ಸಂಗತಿ. ಕೊಡಗಿನ ಭತ್ತ ಮಳೆಗಾಲದ ಬೆಳೆ. ಪುತ್ತರಿ ಹಬ್ಬ ಮುಗಿದು ಕೊಯ್ಲಾದ ಮೇಲೆ ಫೆಬ್ರವರಿಯಲ್ಲಿ ಕೂಳೆ ಉಳಿದ ಬಯಲು, ಅಲ್ಲಲ್ಲಿ ಒದ್ದೆ ನೆಲ, ಮೇಯುವ ದನ. ಬೆಳ್ಳಕ್ಕಿ, ಸಿಪಿಲೆ, ಕಳ್ಳಿಪೀರ, ಮಿಂಚುಳ್ಳಿಗಳಿಗೆ ಇದು ಬೇಕು. ಆದರೆ ಆ ಬಯಲಿನಲ್ಲಿ ಭತ್ತ ಬೆಳೆಯುವ ಗದ್ದೆಗಳ ನಡುನಡುವೆ ಬೀಳು ಬಿಟ್ಟವು, ಅಡಿಕೆ ಹಾಕಿದವು, ಶುಂಠಿ ಬೆಳೆದು ಬಿಟ್ಟವು ಬಂದಿವೆ. ಕೆಲಸಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಹುಟ್ಟುವುದಿಲ್ಲ, ಬೆಳೆದದ್ದನ್ನು ಆನೆ, ಹಂದಿ ಬಿಡುವುದಿಲ್ಲ. ಬೆಳೆಯುವುದನ್ನು ನಿಲ್ಲಿಸಿದವರ ಮೇಲೆ ಸಿಟ್ಟಾಗಲು ನನ್ನಿಂದ ಆಗದು.

ದನ ಮೇಯಿಸುತ್ತಿದ್ದ ಒಬ್ಬ ಅಜ್ಜಿ ನಮ್ಮನ್ನು ಗಮನಿಸಿ, "ಸರ್ವೆಯವರಾ?" ಎಂದರು. ಜಾಗದ ಸರ್ವೆ ಅಲ್ಲ ಅಜ್ಜಿ, ಹಕ್ಕಿಯದ್ದು ಎಂದಳು ಹುಡುಗಿ. ಅವರು ನಗಲಿಲ್ಲ. ನವಿಲನ್ನು ಬರೆದುಕೊಳ್ಳಿ ಎಂದರು. ಮೊದಲು ಈ ಕಡೆ ನವಿಲೇ ಇರಲಿಲ್ಲ, ಈಗ ಬೆಳಗಾದರೆ ಕೂಗು, ಬಿತ್ತಿದ ಬೀಜ ಬಿಡುವುದಿಲ್ಲ ಎಂದು ಹೇಳಿದರು. ನಾವು ನಿಂತಿದ್ದಾಗಲೇ ಎರಡು ಕಡೆಯಿಂದ ನವಿಲು ಕೂಗಿದವು. 2023ರ ವರದಿಯಲ್ಲಿ ಹೆಚ್ಚುತ್ತಿರುವ ಹಕ್ಕಿಗಳಲ್ಲಿ ನವಿಲು ಎದ್ದು ಕಾಣುತ್ತದೆ. ಒಣ ಬಯಲಿನ ಹಕ್ಕಿ ಪಶ್ಚಿಮ ಘಟ್ಟದ ಮಳೆಕಾಡಿನ ನೆಲಕ್ಕೂ ಹಬ್ಬುತ್ತಿದೆ. ಅಜ್ಜಿ ಹೇಳಿದ್ದೂ ವರದಿ ಹೇಳಿದ್ದೂ ಒಂದೇ. ಅಜ್ಜಿ ಅದನ್ನು ವರದಿಗಿಂತ ಮುಂಚೆಯೇ ಕಂಡಿರಬೇಕು.

ಬಯಲಿನ ಉದ್ದಕ್ಕೂ ಒಂದು ಕಿಲೋಮೀಟರ್ ನಡೆದು ಎಣಿಸಿದೆವು. ಬೆಳ್ಳಕ್ಕಿಗಳು ಸಾಕಷ್ಟಿದ್ದವು. ತೋಡಿನ ಅಂಚಿನಲ್ಲಿ ಬೂದು ಸಿಪಿಲೆ ಒಂದೇ ಒಂದು. ಚಳಿಗಾಲಕ್ಕೆ ದೂರದಿಂದ ಬರುವ ಹಕ್ಕಿಗಳು ಇಲ್ಲೇ ನೆಲೆಸಿದವುಗಳಿಗಿಂತ ಹೆಚ್ಚು ಇಳಿಯುತ್ತಿವೆ ಎಂದು ಅದೇ ವರದಿ ಹೇಳುತ್ತದೆ. ಒಂದು ಬೆಳಗಿನ ಒಂದು ಸಿಪಿಲೆಯಿಂದ ನಾನು ಏನನ್ನೂ ತೀರ್ಮಾನಿಸಲಾರೆ. ಮುಂದಿನ ಫೆಬ್ರವರಿಯಲ್ಲಿ, ಅದರ ಮುಂದಿನದರಲ್ಲಿ, ಇದೇ ತೋಡಿನ ಬದಿಯಲ್ಲಿ ಇಷ್ಟೇ ದೂರ ಯಾರಾದರೂ ನಡೆದರೆ ತೀರ್ಮಾನಿಸಬಹುದು.

ಸಂಜೆ ಕುಶಾಲನಗರದ ಒಂದು ಹೋಟೆಲಿನಲ್ಲಿ ಕೂತು, ನೆಟ್‌ವರ್ಕ್ ಇಲ್ಲದೆ ಉಳಿದಿದ್ದ ಪಟ್ಟಿಗಳನ್ನೆಲ್ಲ ಕಳಿಸಿದೆವು. ತಲಕಾವೇರಿಯ ಬಾನಾಡಿಗಳು ಯಾವ ಜಾತಿ ಎಂದು ಒಮ್ಮತ ಬರಲಿಲ್ಲ. ಊಹಿಸಿ ಬರೆಯುವುದು ಬೇಡವೆಂದು "ಯಾವುದೋ ಬಾನಾಡಿ" ಎಂಬ ಸಾಲಿನಲ್ಲೇ ಹಾಕಿದೆವು, ಆ್ಯಪ್‌ನಲ್ಲಿ ಅದಕ್ಕೂ ಅವಕಾಶವಿದೆ. ಚಹಾ ಮುಗಿಯುವ ಮೊದಲೇ ದಾಖಲೆಗಳನ್ನು ಪರಿಶೀಲಿಸುವ ಸ್ವಯಂಸೇವಕರೊಬ್ಬರಿಂದ ಒಂದು ಪ್ರಶ್ನೆ ಬಂತು: ಶನಿವಾರದ ಪಟ್ಟಿಯ ಬೂದುತಲೆ ಪಿಕಳಾರವನ್ನು ಹೇಗೆ ಗುರುತಿಸಿದಿರಿ? ಹುಡುಗಿ ಕೂಗು ಹೇಗಿತ್ತು, ಎಷ್ಟು ದೂರದಲ್ಲಿತ್ತು, ಯಾವ ಮರ ಎಂದು ನಾಲ್ಕು ಸಾಲು ಬರೆದು ಕಳಿಸಿದಳು. ಮೈಸೂರು ತಲುಪುವ ಮೊದಲು ಅದು ಒಪ್ಪಿಗೆಯಾಗಿತ್ತು.

ಪೊನ್ನಂಪೇಟೆಯ ತೋಟದ ಎರಡೂ ಬ್ಲಾಕುಗಳಲ್ಲಿ ತಿಂಗಳಿಗೊಮ್ಮೆ ಎಣಿಸುವ ಕೆಲಸವನ್ನು ವಿದ್ಯಾರ್ಥಿಗಳಿಬ್ಬರೂ ವಹಿಸಿಕೊಂಡಿದ್ದಾರೆ. ಕಕ್ಕಬ್ಬೆಯ ಅಂಕಲ್ ತಮ್ಮ ಫೋನಿಗೆ ಆ್ಯಪ್ ಹಾಕಿಸಿಕೊಂಡಿದ್ದಾರೆ. ಅಕ್ಷರ ಸಣ್ಣದು ಎಂದು ಅವರ ದೂರು. ದೊಡ್ಡದು ಮಾಡುವುದು ಹೇಗೆಂದು ನಾನು ಬುಧವಾರ ಫೋನಿನಲ್ಲಿ ಹೇಳಿಕೊಟ್ಟೆ.